ನಾನೇ ಕಡಿದ ಕೊಂಡಿ

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಹದಿನೈದು ವರ್ಷ ಲೇಥಿನ ಮುಂದೆ ನಿಂತವನು. ತೊಂಬತ್ತರ ದಶಕದ ಕೊನೆಗೆ ಕಾಗವಾಡದ ನಮ್ಮ ವರ್ಕ್‌ಶಾಪಿಗೆ ಕಂಪ್ಯೂಟರ್ ಬಂದಾಗ, ಅದರ ಮುಂದಿನ ಕುರ್ಚಿ ನನಗೆ ಬೇಕು ಅಂತ ಮಾಲಕರನ್ನು ನಾನಾಗಿಯೇ ಕೇಳಿದೆ. ಕಲಿಸಿದವಳು ಮಿರಜದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಡಿಪ್ಲೊಮಾ ಓದಿದ ಹುಡುಗಿ. ನನ್ನನ್ನು ಕಾಕಾ ಅನ್ನುತ್ತಿದ್ದಳು.

ಆ ವರ್ಷ ನಾವು ದ್ರಾಕ್ಷಿ ಕೊಯ್ಯುವ ಕತ್ತರಿ ಮಾಡುವ ಕೆಲಸ ಹಿಡಿದಿದ್ದೆವು. ಅಲಗಿನ ಉಕ್ಕಿನ ಪಟ್ಟಿಯನ್ನು ಡೈ ಅನ್ನುವ ಅಚ್ಚಿನೊಳಗೆ ಕೂರಿಸಿ, ಅದರ ಸುತ್ತ ಕರಗಿದ ಪ್ಲಾಸ್ಟಿಕ್ ಒತ್ತಿದರೆ ಹಿಡಿಕೆ ತಯಾರು. ಕಂಪ್ಯೂಟರಿನಲ್ಲಿ ಪಟ್ಟಿಯದೊಂದು ಚಿತ್ರ, ಹಿಡಿಕೆಯದೊಂದು, ಡೈಯದೊಂದು. ಮೂರಕ್ಕೂ ಅವಳು ಕೊಂಡಿ ಹಾಕಿದ್ದಳು. ಪಟ್ಟಿಯ ಅಳತೆ ಬದಲಿಸಿದರೆ ಹಿಡಿಕೆ, ಹಿಡಿಕೆಯ ಹಿಂದೆ ಡೈ, ತಾವೇ ಬದಲಾಗುತ್ತಿದ್ದವು.

ಅದೇ ನನಗೆ ಸೇರಲಿಲ್ಲ. ಎರಡು ದಿನ ಕೂತು ತಿದ್ದಿದ್ದ ಹಿಡಿಕೆ ಒಂದು ಮುಂಜಾನೆ ಬಂದು ನೋಡಿದರೆ ಬೇರೆಯೇ ಆಗಿತ್ತು. ಅವಳು ಪಟ್ಟಿಯ ಮೂಲೆಯನ್ನು ಒಂದಿಷ್ಟು ದುಂಡಗೆ ಮಾಡಿದ್ದಳು, ಅಷ್ಟೇ. ನಮ್ಮಲ್ಲಿ ಮಿಸ್ತ್ರಿ ಕೆಲಸ ಮುಗಿಸಿ ತನ್ನ ಗುರುತಿನ ಗೀರು ಹಾಕಿದ ಮೇಲೆ ಆ ತುಂಡಿಗೆ ಇನ್ನೊಬ್ಬ ಕೈ ಹಚ್ಚುವುದಿಲ್ಲ. ಪರದೆಯ ಮೇಲೆ ಗೀರು ಹಾಕಲು ಬರುತ್ತದೆಯೇ? ಪಟ್ಟಿಯಿಂದ ಹಿಡಿಕೆಗೆ ಬರುವ ಕೊಂಡಿಯನ್ನೇ ಕಡಿದುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಹತ್ತು ದಿನ ಕಳೆದಿರಬೇಕು. ಅಥಣಿಯ ತೋಟಗಳ ಹೆಣ್ಣುಮಕ್ಕಳು ನಾವು ಕೈಯಲ್ಲೇ ಮಾಡಿ ಕಳಿಸಿದ್ದ ನಮೂನೆಯ ಕತ್ತರಿ ಹಿಡಿದು ನೋಡಿ, ಭಾರ ಐತಿ, ಸಂಜಿಗೆ ಮಣಿಕಟ್ಟು ನೋಯ್ತೈತಿ ಅಂದರಂತೆ. ನಾಲ್ಕು ಮಿಲಿಮೀಟರಿನ ಪಟ್ಟಿಯನ್ನು ಮೂರಕ್ಕೆ ಇಳಿಸಬೇಕಾಯಿತು.

“ಕಾಕಾ, ಪಟ್ಟಿ ಇಳಿಸೀನ್ರಿ. ಹಿಡಿಕಿ, ಡೈ ತಾವ ಬರ್ತಾವ. ಒಮ್ಮೆ ನೋಡಿಬಿಡ್ರಿ,” ಅಂದಳು.

“ನೋಡೂದೇನೈತಿ ತಂಗಿ, ನಾ ಮಾಡಿದ್ದು ಅದು,” ಅಂದೆ. ಡೈ ಕೊರೆಯಲು ಚಿತ್ರದ ಫ್ಲಾಪಿ ಮಿರಜದ ಮಷೀನ್ ಶಾಪಿಗೆ ಹೋಯಿತು.

ಮರುದಿನ ಮಧ್ಯಾಹ್ನ ರೊಟ್ಟಿ ಮುರಿಯುವಾಗ ಕೊಂಡಿ ಕಡಿದದ್ದು ನೆನಪಾಯಿತು. ಡೈಯ ಗುಳಿ ನಾಲ್ಕಕ್ಕೇ ಉಳಿದಿದೆ. ಮೂರರ ಪಟ್ಟಿ ಕೂರಿಸಿದರೆ ಸಂದಿಯಿಂದ ಪ್ಲಾಸ್ಟಿಕ್ ಹರಿದು ಅಲಗಿಗೇ ಮೆತ್ತುತ್ತದೆ. ಡೈ ಗುಜರಿಗೆ. ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ. ಲೇಥಿನ ಹತ್ತಿರ ಹೋಗಿ ನಿಂತೆ. ಬಂದು ಕೂತೆ. ಮತ್ತೆ ಎದ್ದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ಎರಡನೆಯ ಸಲ ಹೋದವನು ಮಿರಜದ ಬಸ್ ಹತ್ತಿಬಿಟ್ಟೆ. ಕೂಡಲು ಜಾಗ ಇತ್ತು, ಕೂಡಲಾಗದೆ ಬಾಗಿಲಲ್ಲೇ ನಿಂತೆ.

ಅಲ್ಲಿ ಡೈಯ ಎರಡು ಅರ್ಧಗಳಲ್ಲಿ ಒಂದನ್ನು ಕೊರೆದು ಮುಗಿದಿತ್ತು, ನಾಲ್ಕರಲ್ಲಿ ಅದರ ಪಾಲಿನ ಗುಳಿ ಎರಡು ಮಿಲಿಮೀಟರ್. ಇನ್ನರ್ಧ ಮಷೀನಿನ ಮೇಲೆ ಬಿಗಿದಿತ್ತು.

“ಥಾಂಬಾ ಭಾವು, ನಿಲ್ಲಸ್ರಿ, ಚಿತ್ರ ತಪ್ಪೈತಿ,” ಅಂದೆ.

“ಯಾರ ತಪ್ಪು?” ಮಷೀನಿನವನು ಕಣ್ಣೆತ್ತದೆ ಕೇಳಿದ.

“ನಂದು.”

ಉಳಿದ ಅರ್ಧಕ್ಕೆ ಒಂದೇ ಮಿಲಿಮೀಟರ್ ಕೊರೆಸಿದೆ. ಎರಡೂ ಕೂಡಿ ಮೂರು. ಡೈ ಉಳಿಯಿತು.

ಸಂಜೆ ಬಂದು ಮಾಲಕರು, ಹುಡುಗಿ ಇಬ್ಬರ ಮುಂದೂ ಹೇಳಿದೆ. ಮೊದಲು ಮಾಲಕರು ಕೇಳಿದರು.

“ಹಂಗಾದ್ರ ಪಟ್ಟಿ ಹಿಡಿಕಿ ನಡುವ ಕೂಡಂಗಿಲ್ಲ?”

“ಅರ್ಧ ಮಿಲಿಮೀಟರ್ ಒಂದ ಕಡೆ ಸರೀತೈತ್ರಿ. ಕತ್ತರಿ ನಡೀತೈತಿ.”

“ಕಾಕಾ, ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈಬೇಕಿತ್ರಿ,” ಅಂದಳು ಹುಡುಗಿ. “ಆ ಹಿಡಿಕಿ ಏನ ಮಾಡಿತ್ತು?”

ಮಾಲಕರು ನಗಲಿಲ್ಲ. “ನಾಳಿಂದ ಲೇಥೋ ಕುರ್ಚೀನೋ ಮಿಸ್ತ್ರಿ, ನೀವ ಹೇಳ್ರಿ.”

ಲೇಥ್ ಅನ್ನುವುದು ಸುಲಭವಿತ್ತು. ಅಲ್ಲಿ ನನ್ನನ್ನು ಕೇಳುವವರಿಲ್ಲ.

“ಕುರ್ಚಿ,” ಅಂದೆ. “ಆದ್ರ ನನ್ನ ಚಿತ್ರ ಹೊರಗ ಹೋಗೂಕಿಂತ ಮೊದ್ಲ ತಂಗಿ ನೋಡ್ಲಿ.” ಹೇಳುವಾಗ ಅವಳ ಮುಖ ನೋಡಲಿಲ್ಲ.

“ಈಗಿಂದನ ನೋಡೂಣ್ರಿ,” ಅಂತ ಅವಳು ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಕೂತಳು. ನಾನು ಒಂದಿಷ್ಟು ಸರಿದು ಜಾಗ ಕೊಟ್ಟೆ.