ಸಾಹೇಬರ ದೌರೆ ಮತ್ತು ಸತ್ಯಮ್ಮನ ಟಗರು

ಬೀದರ ಜಿಲ್ಲೆಯ ಸಂತಪುರದಿಂದ ಎರಡು ಹರದಾರಿ ಒಳಗಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಏಳು ವರ್ಷ ಪಾಠ ಹೇಳಿದೆನು. ಸತ್ಯಮ್ಮ ಆ ಊರಿನ ಕುರುಬರ ಹಣಮಂತಪ್ಪನ ಹೆಂಡತಿ. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ಅವಳ ತವರು. ಕೆಲಸದಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಆದರೆ ಊರಿನ ಹಿರಿಯರು ಯಾರೇ ಎದುರಾದರೂ ಸೆರಗನ್ನು ಮುಂದಕ್ಕೆಳೆದುಕೊಂಡು ಗೋಡೆಯ ಕಡೆ ಮುಖಮಾಡಿ ನಿಲ್ಲುವಳು. ಕೇಳಿದ್ದಕ್ಕೆ ಉತ್ತರವನ್ನು ಗಂಡ ಹೇಳಬೇಕು. ಗಂಡನೋ ಎಲ್ಲದಕ್ಕೂ "ಹೌದ್ರಿ" ಎನ್ನುವವನು.

ಆ ಊರಿನಲ್ಲಿ ಒಂದು ರೂಢಿ ಇತ್ತು. ತಾಲೂಕಿನ ಅಧಿಕಾರಿಗಳು ದೌರೆಗೆ, ಅಂದರೆ ಹಳ್ಳಿಗಳನ್ನು ನೋಡಲು, ಬಂದು ತಂಗಿದಾಗ ಅವರ ಊಟಕ್ಕೆ ಕುರುಬರ ಮನೆಯಿಂದ ಒಂದು ಕುರಿ ಹೋಗಬೇಕು. ಆರು ಮನೆಗಳವರು ಪಾಳಿಯ ಮೇಲೆ ಕೊಡುತ್ತಿದ್ದರು. ಪಾಟೀಲರ ಆಳು ನರಸಿಂಗ ಬಂದು ಹಿಂಡಿನಲ್ಲಿ ಒಂದನ್ನು ಬೆರಳುಮಾಡಿ ತೋರಿಸುವನು. ಅವನು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಮನೆಯವರೇ ಕೊರಳಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಅವನ ಕೈಗೆ ಕೊಡಬೇಕು. ಕಿತ್ತುಕೊಂಡರೆಂದು ನಾಳೆ ಯಾರೂ ಅನ್ನಬಾರದು. ತಾವಾಗಿ ಕೊಟ್ಟರೆಂದು ಆಗಬೇಕು. ನಿಜಾಮರ ಆಳ್ವಿಕೆ ಹೋದ ಮೇಲೆ ಇಂಥ ಬಿಟ್ಟಿ ಕಾಣಿಕೆಗಳೆಲ್ಲ ನಿಂತವೆಂದು ಔರಾದದಲ್ಲಿ ಡಂಗುರ ಹೊಡೆಸಿದ್ದರಂತೆ. ನಮ್ಮ ಊರಲ್ಲಿ ಹಗ್ಗ ಕಟ್ಟುವುದು ನಿಂತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೈದರ ಮೊದಲಲ್ಲಿ ಹಣಮಂತಪ್ಪನ ಪಾಳಿ ಬಂದಾಗ ನರಸಿಂಗ ಹಿಂಡಿನಲ್ಲಿದ್ದ ಒಂದೇ ಒಂದು ಟಗರನ್ನು ತೋರಿಸಿದನು. ಹಣಮಂತಪ್ಪ ಹಗ್ಗ ಕಟ್ಟಿಕೊಟ್ಟನು. ಸತ್ಯಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಟಗರಿಲ್ಲದ ಹಿಂಡಿನಲ್ಲಿ ಮರಿ ಎಲ್ಲಿಂದ ಬರಬೇಕು? ಆ ವರ್ಷ ಅವರ ಹಟ್ಟಿಯಲ್ಲಿ ಹುಟ್ಟಿದ ಮರಿಗಳು ಒಂದು ಕೈಯ ಬೆರಳೆಣಿಕೆಗೂ ಸಾಲಲಿಲ್ಲ. ಸತ್ಯಮ್ಮ ತವರಿಗೆ ನಡೆದುಹೋಗಿ, ಹಾಲು ಬಿಟ್ಟ ಒಂದು ಕರಿಯ ಗಂಡುಮರಿಯನ್ನು ಹೆಗಲ ಮೇಲೆ ಹೊತ್ತು ತಂದಳು. ತನ್ನ ಊಟದಲ್ಲಿ ರೊಟ್ಟಿ ಮುರಿದು ಹಾಕಿ ಸಾಕಿದಳು. ಎರಡು ವರ್ಷ ತುಂಬುವುದರೊಳಗೆ ಅದು ತೋಳುದಪ್ಪ ಕೊಂಬಿನ ಟಗರಾಯಿತು. ಹಿಂಡು ಮತ್ತೆ ಬೆಳೆಯುವುದಿದ್ದರೆ ಅದರಿಂದಲೇ.

ಅಷ್ಟರಲ್ಲಿ ಐವತ್ತಾರರ ನವೆಂಬರ್ ಬಂದಿತು, ರಾಜ್ಯಗಳ ಗಡಿಗಳು ಬದಲಾದವು. ಉದಗೀರದ ಕಡೆಯದು ಮುಂಬಯಿಗೆ ಹೋಯಿತು, ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದವು. ಹೊಸ ಸರಕಾರದ ಅಧಿಕಾರಿಗಳು ಹೇಗಿರುವರೋ ಎಂದು ಊರವರಿಗೆಲ್ಲ ಕುತೂಹಲ. ಪಾಟೀಲರಿಗೆ ಮಾತ್ರ ಸಂದೇಹವೇ ಇರಲಿಲ್ಲ. "ಅವ್ರು ಮಹಾರಾಜ್ರ ಸೀಮಿ ಮಂದಿ. ದಸರಾ ದರಬಾರ ಕಂಡವ್ರು. ಅವರಿಗಿ ಬಡಕಲ ಕುರಿ ನಡಿಯಂಗಿಲ್ಲ, ಟಗರೇ ಆಗಬೇಕು" ಎಂದು ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿದರು.

ಜನವರಿಯಲ್ಲಿ ಹೊಸ ಸಾಹೇಬರ ದೌರೆ ಗೊತ್ತಾಯಿತು. ಪಾಳಿ ಮತ್ತೆ ಹಣಮಂತಪ್ಪನದು. ಎರಡು ದಿನ ಮೊದಲು ನರಸಿಂಗ ಹಣಮಂತಪ್ಪನ ಹಟ್ಟಿಗೆ ಬಂದು ಕರಿಯ ಟಗರನ್ನು ತೋರಿಸಿದನು. ಹಣಮಂತಪ್ಪ ಹಗ್ಗ ತೆಗೆದುಕೊಳ್ಳಲು ಬಾಗಿದನು. ಸತ್ಯಮ್ಮ ಬಂದು ಹಗ್ಗದ ಮೇಲೆ ಕಾಲಿಟ್ಟು ನಿಂತಳು.

"ಕಾಲ ತಗಿ" ಅಂದನು ಗಂಡ.

ಅವಳು ತೆಗೆಯಲಿಲ್ಲ. ಸೆರಗಿನ ಒಳಗಿಂದಲೇ ಕೇಳಿದಳು: "ನರಸಿಂಗಣ್ಣ, ಸಾಹೇಬ್ರು ಕೇಳ್ಯಾರೇನು ಟಗರು?"

"ಸಾಹೇಬ್ರು ಇನ್ನ ಬೀದರನೇ ಬಿಟ್ಟಿಲ್ಲ. ಅವರು ಬಾಯಿಬಿಟ್ಟು ಕೇಳಬೇಕೇನು?"

"ಹಂಗಾದ್ರ ಬರಲಿ ಬಿಡು. ಬಂದ ಮ್ಯಾಲ ನಾನೇ ಅವರ ಕೈಯಾಗ ಕೊಡ್ತೇನಿ."

ನರಸಿಂಗ ನಕ್ಕುಬಿಟ್ಟನು. "ನೀನಾ? ಹತ್ತು ವರ್ಷ ಆತು, ನನ್ನ ಮಾರಿ ನೋಡಿಲ್ಲ ನೀ. ಸಾಹೇಬ್ರ ಮುಂದ ನಿಂದರ್ತೀ? ಗ್ವಾಡಿ ಎಲ್ಲಿ ಅದ ಅಂತ ಮೊದಲ ನೋಡಿ ಹೋಗು."

ಸಂಜೆ ಉಳಿದ ಐದು ಮನೆಯವರು ಬಂದು ಅಂಗಳದಲ್ಲಿ ಕುಳಿತರು. ಹೆಚ್ಚು ಮಾತಾಡಿದವಳು ಸಖುಬಾಯಿ, ಹಣಮಂತಪ್ಪನ ಅತ್ತಿಗೆ. ಅವರ ಹೆದರಿಕೆಗೆ ಕಾರಣವಿತ್ತು. ಬೇಸಗೆಯಲ್ಲಿ ಕುರಿಗಳನ್ನು ಪಾಟೀಲರ ಹೊಲಗಳಲ್ಲಿ ತಂಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಇವರಿಗೆ ಜೋಳ ಸಿಗುತ್ತಿತ್ತು.

"ಏ ಸತ್ಯಮ್ಮ, ನಾಳಿ ಪಾಟೀಲ್ರು ಹೊಲಕ್ಕ ಕುರಿ ಬ್ಯಾಡಂದ್ರ ಏನ ತಿನ್ನೋಣು? ನಿನ್ನ ಟಗರಿನ ಕೊಂಬಾ?" ಅಂದಳು ಸಖುಬಾಯಿ. "ಹೋದ ಪಾಳ್ಯಾಗ ನಾ ಗಬ್ಬದ ಕುರಿ ಕೊಟ್ಟೀನಿ. ನಾ ಅತ್ತೀನೇನು?"

"ನಾ ಇಲ್ಲ ಅಂದಿಲ್ಲಲ್ಲ ಅಕ್ಕಾ. ಕೈಯಾಗ ಕೊಡ್ತೇನಿ ಅಂದೀನಿ."

"ಅದು ಇಲ್ಲ ಅಂದಂಗನ! ನಾನೂ ಹೆಂಗಸೇ ಇದ್ದೀನಿ, ನನಗ ತಿಳಿಯಂಗಿಲ್ಲೇನು?"

ಬಹಳ ವರ್ಷಗಳ ಮೇಲೆ ನಾನು ಇದನ್ನು ಕೇಳಿದಾಗ ಸತ್ಯಮ್ಮ ಹೇಳಿದಳು: "ಖರೇ ಹೇಳ್ತೇನಿ ಮಾಸ್ತರ್ರೀ, ಕೊಡ್ತೇನೋ ಬಿಡ್ತೇನೋ ನನಗೇ ಗೊತ್ತಿರಲಿಲ್ಲ. ಟಗರು ಎರಡು ದಿನ ಉಳೀತಲ್ಲ, ಅಷ್ಟೇ."

ಸಾಹೇಬರು ಶಾಲೆಯ ಪಡಸಾಲೆಯಲ್ಲಿ ಇಳಿದರು. ಮಕ್ಕಳಿಗೆ ರಜೆ ಕೊಟ್ಟಿದ್ದೆನು. ಸಣಕಲು ಮೈಯ ನಡುವಯಸ್ಸಿನವರು; ಮೈಸೂರಿನ ಆಚೆಯ ಯಾವುದೋ ಊರಿನವರು. ಅವರ ಕನ್ನಡ ನಮ್ಮವರಿಗೆ ಪಾಠದ ಪುಸ್ತಕ ಓದಿದ ಹಾಗೆ ಕೇಳಿಸುತ್ತಿತ್ತು. ಪಾಟೀಲರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹತ್ತು ಗಂಟೆಯ ಸುಮಾರಿಗೆ ಸತ್ಯಮ್ಮ ಟಗರನ್ನು ಹಿಡಿದುಕೊಂಡು ಬಂದಳು. ಹಗ್ಗವನ್ನು ತಾನೇ ಕಟ್ಟಿದ್ದಳು. ಹಣಮಂತಪ್ಪ ಬೇವಿನ ಮರದ ಬುಡದಲ್ಲೇ ಉಳಿದನು. ಸೆರಗು ಹಣೆಯವರೆಗೆ ಇತ್ತು. ಮುಖ ಮಾತ್ರ ಪಡಸಾಲೆಯ ಕಡೆಗಿತ್ತು.

"ಏನಮ್ಮ ಇದು?" ಎಂದರು ಸಾಹೇಬರು.

"ಟಗರ್ರಿ."

"ಅದು ಕಾಣಿಸುತ್ತೆ. ಇಲ್ಲಿಗೆ ಯಾಕೆ ತಂದಿದೀಯ? ಏನಾದರೂ ವ್ಯಾಜ್ಯವೇನು?"

"ನಿಮಗ ಬೇಕು ಅಂದ್ರುರಿ. ನಿಮ್ಮ ಊಟಕ್ಕ."

ಸಾಹೇಬರು ಟಗರನ್ನು ನೋಡಿದರು, ಪಾಟೀಲರನ್ನು ನೋಡಿದರು. ಔರಾದದಿಂದ ಅವರ ಜೊತೆಯಲ್ಲಿ ಬಂದಿದ್ದ ಜವಾನ ಮಕ್ಬೂಲನಿಗೆ ನಗು ತಡೆಯಲಾಗಲಿಲ್ಲ. "ಅವ್ವಾ, ನಮ್ಮ ಸಾಹೇಬ್ರು ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ. ಎರಡು ದಿನ ಆತು, ಬರೇ ಅನ್ನ, ಮಜ್ಜಿಗಿ. ಅವರ ಕೂಡ ನಾನೂ ಸಾಧು ಆಗೀನಿ!"

ನೆರೆದಿದ್ದವರೆಲ್ಲ ನಕ್ಕರು. ಪಾಟೀಲರ ಮುಖ ಕೆಂಪಾಯಿತು. ಸಾಹೇಬರು ನಗಲಿಲ್ಲ. "ನಾನು ಯಾರನ್ನೂ ಏನನ್ನೂ ಕೇಳಿಲ್ಲ. ಪಾಟೀಲರೇ, ಇದನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ, ಮತ್ತೆ ದಫ್ತರದ ಮೇಲೆ ಬಾಗಿದರು. ಹೊಸಬರು, ಊರಿನ ತಂಟೆ ತಮಗೇಕೆ ಅಂದುಕೊಂಡರೋ ಏನೋ. ಹೀಗೆ ಮಾತು ಮತ್ತೆ ಪಾಟೀಲರ ಕೈಗೇ ಬಂದಿತು.

ಪಾಟೀಲರು ಮೆಟ್ಟಿಲಿಳಿದು ಬಂದರು. "ಸಾಹೇಬ್ರು ತಿನ್ನಲಿಲ್ಲಂದ್ರ ಏನಾತು? ಸಂಗಡ ಬಂದ ಮಂದಿ ಇಲ್ಲೇನು? ತಂದೀ ಅಂದ ಮ್ಯಾಲ ಬಿಟ್ಟು ಹೋಗು. ಹಗ್ಗ ಅವನ ಕೈಯಾಗ ಕೊಡು."

ನರಸಿಂಗ ಕೈ ಚಾಚಿದನು. ಗುಂಪಿನಿಂದ ಸಖುಬಾಯಿ ಕೂಗಿದಳು: "ಕೊಟ್ಟು ಬಾ ಸತ್ಯಮ್ಮ. ಸುಮ್ಮ ಕೊಟ್ಟು ಬಾ."

ಇನ್ನು "ಸಾಹೇಬರ ಕೈಯಾಗ" ಎಂಬ ಮಾತಿನ ಮರೆ ಅವಳಿಗಿರಲಿಲ್ಲ. ಕೊಡಬೇಕು, ಇಲ್ಲವೆ ಕೊಡುವುದಿಲ್ಲವೆನ್ನಬೇಕು. ಅವಳು ಹಗ್ಗವನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು.

"ಇಲ್ರಿ."

"ಏನಂದಿ?"

"ಇಲ್ರಿ ಪಾಟೀಲ್ರ, ಕೊಡಂಗಿಲ್ಲ. ಸಾಹೇಬ್ರಿಗಂತ ತಂದಿದ್ದೆ, ಅವರು ಬ್ಯಾಡಂದ್ರು. ಇದು ನಮ್ಮ ಹಿಂಡಿನ ಟಗರು, ಹಿಂಡಿಗೇ ಹೋಗ್ತದ."

ಮಾತು ಎಲ್ಲರಿಗೂ ಕೇಳಿಸಿತು.

"ಕಸಗೊಳ್ಳಲೇನು?" ಅಂದರು ಪಾಟೀಲರು.

"ಕಸಗೋರಿ. ಸಾಹೇಬ್ರು ಇಲ್ಲೇ ಅದಾರ, ನೋಡಲಿ."

ಕಿತ್ತುಕೊಳ್ಳಲೇ ಎಂಬಂತೆ ನರಸಿಂಗ ಪಾಟೀಲರ ಮುಖ ನೋಡಿದನು. ಪಾಟೀಲರು ಪಡಸಾಲೆಯ ಕಡೆ ನೋಡಿದರು. ಸಾಹೇಬರು ತಲೆ ಎತ್ತಿರಲಿಲ್ಲ, ಆದರೆ ಅವರ ಲೇಖನಿ ನಿಂತಿತ್ತು. ಚಾಚಿದ ಕೈ ಹಾಗೆಯೇ ಕೆಳಗಿಳಿಯಿತು. ಸತ್ಯಮ್ಮ ತಿರುಗಿದಳು. ಟಗರು ತಿರುಗಲಿಲ್ಲ, ಅದು ನಾನು ಬೆಳೆಸಿದ್ದ ನುಗ್ಗೆಸಸಿಯನ್ನು ಮೇಯುತ್ತಿತ್ತು. ಎರಡು ಮೂರು ಸಲ ಎಳೆದ ಮೇಲೆ ಹೊರಟಿತು.

ಊರು ಬದಲಾಗಲಿಲ್ಲ. ಪಾಟೀಲರು ಹಣಮಂತಪ್ಪನ ಕುರಿಗಳನ್ನು ತಮ್ಮ ಹೊಲಕ್ಕೆ ಬಿಡಲಿಲ್ಲ. ಅವರಿಗೆ ಅಂಜಿ ಉಳಿದ ರೈತರೂ ಕರೆಯಲಿಲ್ಲ. ಗಂಡಹೆಂಡಿರು ಆ ಬೇಸಗೆಯನ್ನೆಲ್ಲ ಖಟಕ ಚಿಂಚೋಳಿಯ ಕಡೆ ಹಿಂಡು ಹೊಡೆದುಕೊಂಡು ಹೋಗಿ ಕಳೆದರು. ಹಣಮಂತಪ್ಪ ಹೆಂಡತಿಯ ಕೂಡ ಮಾತಾಡಿದ್ದು ಯುಗಾದಿ ಕಳೆದ ಮೇಲೆ. ಇತ್ತ ಮತ್ತೊಂದು ದೌರೆ ಬಂದಿತು. ಬಂದವರು ಮಾಂಸ ತಿನ್ನುವವರೇ. ಸಖುಬಾಯಿಯ ಮನೆಯ ಪಾಳಿ. ಆ ಮನೆಯವರಿಗಿದ್ದ ಒಂದೇ ಟಗರನ್ನು ನರಸಿಂಗ ತೋರಿಸಿದನು, ಅವರು ಹಗ್ಗ ಕಟ್ಟಿಕೊಟ್ಟರು.

ಮಳೆ ಶುರುವಾಗಿ ಹಿಂಡುಗಳಿಗೆ ಟಗರು ಬಿಡುವ ಹೊತ್ತಿಗೆ ಸತ್ಯಮ್ಮ ಊರಿಗೆ ಮರಳಿದ್ದಳು. ಒಂದು ಮುಂಜಾನೆ ಶಾಲೆಗೆ ಹೋಗುತ್ತ ನೋಡಿದರೆ ಸಖುಬಾಯಿ ಅವಳ ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಟಗರು ಹದಿನೈದು ದಿನ ಕೊಡು ಸತ್ಯಮ್ಮ. ಈ ವರ್ಷ ಮರಿ ಆಗದಿದ್ರ ನಮ್ಮ ಹಿಂಡು ಮುಗೀತು."

"ಒಯ್ಯಿ ಅಕ್ಕಾ. ಆದ್ರ ಒಂದು ಮಾತು. ಅದಕ್ಕ ಹುಟ್ಟಿದ ಮರಿ ನರಸಿಂಗ ಕೇಳಿದ್ರ ಇಲ್ಲ ಅನ್ನಬೇಕು."

"ಅಂತೇನಿ ತಗೋ."

"ಈಗ ಅಂದು ತೋರಸು."

"ಏ ಹುಚ್ಚಿ! ಯಾರ ಮುಂದ ಅನ್ನಲಿ?"

"ನಾನೇ ನರಸಿಂಗ ಅಂತ ತಿಳಿ." ಸತ್ಯಮ್ಮ ಗಂಡನ ರುಮಾಲನ್ನು ತಲೆಗೆ ಸುತ್ತಿ ಕೈ ಚಾಚಿದಳು. "ಹೂಂ, ಕೊಡು ಹಗ್ಗ."

ಸಖುಬಾಯಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಏನೋ ಅಂದಳು, ನನಗೂ ಕೇಳಿಸಲಿಲ್ಲ.

"ಕೇಳಲಿಲ್ಲ."

"ಇಲ್ಲ."

"ನರಸಿಂಗ ಕಿವುಡ ಅಕ್ಕಾ, ಇನ್ನ ಸ್ವಲ್ಪ."

"ಇಲ್ಲ ಅಂದ್ರ ಇಲ್ಲಲೇ!" ಎಂದು ಸಖುಬಾಯಿ ಕೂಗಿದಳು. ಆಮೇಲೆ ಓಣಿಯ ಎರಡೂ ಕಡೆ ನೋಡಿ, ನನ್ನನ್ನು ಕಂಡು ಗೋಡೆಯ ಕಡೆ ತಿರುಗಿದಳು. ಸತ್ಯಮ್ಮ ಟಗರನ್ನು ಬಿಚ್ಚಿಕೊಟ್ಟಳು.