ಹೆಡ್‌ಮಿಸ್ಸಿನ ಪಕ್ಕದ ಸ್ಟೂಲು

ಆಫೀಸಿನಲ್ಲಿ ಎಲ್ಲರೂ ಆಕೆಯನ್ನು ಹೆಡ್‌ಮಿಸ್ಸು ಎನ್ನುತ್ತಿದ್ದರು. ಬೆನ್ನ ಹಿಂದೆ ಅಂದರೆ ಆಕೆಗೆ ಗೊತ್ತಾಗುವುದಿಲ್ಲ ಎಂಬುದು ಅವರ ನಂಬಿಕೆ. ಮೊದಲ ವಾರವೇ ಅದು ಆಕೆಯ ಕಿವಿಗೆ ಬಿದ್ದಿತ್ತು, ಒಳಗೊಳಗೇ ಹಿಗ್ಗಿದ್ದಳು ಕೂಡ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಸಣ್ಣ ಕಂಪನಿಯಲ್ಲಿ ಯಾರೇ ಕೋಡ್ ಬರೆಯಲಿ, ಆಕೆ ಓದಿ "ಸರಿ" ಎಂದು ಒತ್ತುವ ತನಕ ಅದು ಹೊರಗೆ ಹೋಗುವಂತಿರಲಿಲ್ಲ. ಆಕೆಯ ಕುರ್ಚಿಯ ಪಕ್ಕ, ಗೋಡೆಗೆ ಒತ್ತಿಟ್ಟ ಒಂದು ಮರದ ಸ್ಟೂಲಿತ್ತು. ಸಂದೇಹವಿದ್ದವರು ಬಂದು ಅದರ ಮೇಲೆ ಕೂರಬೇಕು, ಬೈಸಿಕೊಳ್ಳಬೇಕು, ಕಲಿತು ಏಳಬೇಕು. ಇಡೀ ದಿನ ಆ ಸ್ಟೂಲು ತಣ್ಣಗಾಗುತ್ತಿರಲಿಲ್ಲ.

ಬೈದರೂ ಕಲಿಸುತ್ತಿದ್ದಳು, ಅದು ನಿಜ. ಎಲ್ಲವನ್ನೂ ಕಲಿಸುತ್ತಿರಲಿಲ್ಲ, ಅದೂ ನಿಜ. ಯಾವ ಸಾಲು ಯಾಕಿದೆ ಎಂದು ಕೋಡಿನ ಪಕ್ಕದಲ್ಲೇ ಒಂದು ಟಿಪ್ಪಣಿ ಬರೆದಿಡುವುದು ಈ ಕಸುಬಿನ ಮರ್ಯಾದೆ. ಬೇರೆಯವರು ಬರೆಯದಿದ್ದರೆ ಕೆಂಡ ಕಾರುವ ಹೆಡ್‌ಮಿಸ್ಸು ತನ್ನ ಸಾಲುಗಳಿಗೆ ಮಾತ್ರ ಒಂದಕ್ಷರವನ್ನೂ ಬರೆದಿರಲಿಲ್ಲ. ಎಲ್ಲ ಬರೆದಿಟ್ಟರೆ ಸ್ಟೂಲಿಗೆ ಯಾರು ಬರುತ್ತಾರೆ?

ಆಮೇಲೆ ಕೋಡ್ ಬರೆದುಕೊಡುವ ಎಐ ಸಹಾಯಕ ಬಂತು. ಬೇಕಾದ್ದನ್ನು ಆಡುಮಾತಿನಲ್ಲಿ ಹೇಳಿದರೆ ಸಾಕು, ಹಳೆಯ ಕೋಡನ್ನೆಲ್ಲ ಓದಿ ಹೊಸದನ್ನು ಬರೆದು ಮುಂದಿಡುತ್ತಿತ್ತು. ಎಷ್ಟು ಸಲ ಕೇಳಿದರೂ ಬೈಯುತ್ತಿರಲಿಲ್ಲ. ಜನಕ್ಕೆ ಇನ್ನೇನು ಬೇಕು? ಯಾರೋ ಸ್ಟೂಲಿನ ಮೇಲೆ ಹೆಲ್ಮೆಟ್ ಇಡಲು ಶುರುಮಾಡಿದರು.

ಯಂತ್ರದ ಮೇಲಿನ ಸಿಟ್ಟನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಓರಗಿತ್ತಿಯ ವಿಷಯ. ಗಂಡನ ತಮ್ಮನ ಹೆಂಡತಿ, ಅದೇ ಮನೆಯ ಮಹಡಿಯಲ್ಲಿ ವಾಸ. ಆಫೀಸಿನಲ್ಲಿ ಅವಳದು ಫೋನಿನ ಕೆಲಸ: ಲ್ಯಾಬಿನವರು ಗೋಳು ತೋಡಿಕೊಂಡರೆ ಕೇಳಿಸಿಕೊಂಡು ಸಮಾಧಾನ ಹೇಳುವುದು. ಆ ಕೆಲಸ ಕೊಡಿಸಿದವಳೂ ಹೆಡ್‌ಮಿಸ್ಸೇ. ಕೋಡಿನ ಗಂಧಗಾಳಿ ಇಲ್ಲದ ಅವಳು ಈಗ ಫೋನಿನಲ್ಲಿ ಕೇಳಿದ ಗೋಳನ್ನೇ ಸಹಾಯಕಕ್ಕೆ ಹೇಳಿ, ಸಂಜೆಯೊಳಗೆ ಪರಿಹಾರ ಬರೆಸಿಕೊಂಡು ಬರುತ್ತಿದ್ದಳು. ತಾನೇ ಕೈಹಿಡಿದು ಕರೆತಂದವಳು ಎಂಬುದಕ್ಕೇ ಉರಿ ಹೆಚ್ಚು.

ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಎನ್ನುವವರು ಹೊಟ್ಟೆಕಿಚ್ಚು ಪಟ್ಟವರಲ್ಲ. ಓರಗಿತ್ತಿಗೆ ಬಂದ ಹೊಸ ಕುರ್ಚಿ, ಅವಳ ಮೇಜಿನ ಎರಡನೆಯ ಕಂಪ್ಯೂಟರ್ ಪರದೆ, ಮ್ಯಾನೇಜರು ಅವಳ ಹತ್ತಿರ ನಿಂತು ನಕ್ಕದ್ದು, ಯಾವುದೂ ಹೆಡ್‌ಮಿಸ್ಸಿನ ಕಣ್ಣು ತಪ್ಪಲಿಲ್ಲ. ಮೀಟಿಂಗಿನಲ್ಲಿ ಅವಳನ್ನು ಹೊಗಳಿದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಮನೆಗೆ ಬಂದರೆ ಅಲ್ಲಿಯೂ ಬಿಡುಗಡೆಯಿಲ್ಲ. ಅತ್ತೆ ಸೊಪ್ಪು ಬಿಡಿಸುತ್ತಾ ಕೇಳಿದರು: "ಚಿಕ್ಕವಳು ಈಗ ನಿನ್ನ ಕೆಲಸಾನೇ ಮಾಡ್ತಾಳಂತೆ?"

"ಅವಳು ಮಾಡಲ್ಲ ಅತ್ತೆ, ಅದು ಮಾಡುತ್ತೆ."

"ಯಾರು ಮಾಡಿದ್ರೇನಮ್ಮ, ಬೇಗ ಆಗುತ್ತಂತಲ್ಲ."

ಊಟಕ್ಕೆ ಕೂತಾಗ ಅನ್ನ ಕಲಸಿದ್ದೇ ಕಲಸಿದ್ದು. ಗಂಡ ನಗುತ್ತಾ, "ಹೊಟ್ಟೆಕಿಚ್ಚಾ?" ಎಂದ. "ನಂಗ್ಯಾಕೆ?" ಎಂದು ಆಕೆ ಪಾತ್ರೆ ಕುಕ್ಕಿದ ಸದ್ದು ಮಹಡಿಗೂ ಕೇಳಿಸಿರಬೇಕು.

ಮರುದಿನ ಬೆಳಗ್ಗೆ ಓರಗಿತ್ತಿಯ ಹೊಸ ಕೋಡು ಆಕೆಯ ಮುಂದೆ ಬಂತು. ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ಲುಗಳು ನಿಧಾನವಾಗಿ ಬರುತ್ತವೆ ಎಂದು ಲ್ಯಾಬಿನವರ ದೂರು. ಒಂದು ಲೇಬಲ್ಲಿಗೂ ಇನ್ನೊಂದಕ್ಕೂ ನಡುವೆ ಪ್ರಿಂಟರನ್ನು ಸುಮ್ಮನೆ ಕಾಯಿಸುವ ಒಂದು ಸಾಲನ್ನು ಸಹಾಯಕ ಹುಡುಕಿ ತೆಗೆದಿತ್ತು.

ಅದು ಹೆಡ್‌ಮಿಸ್ಸಿನ ಸಾಲು. ಹಿಂದೊಮ್ಮೆ ಲ್ಯಾಬೊಂದರಲ್ಲಿ ದಿನವಿಡೀ ಪ್ರಿಂಟರಿನ ಮುಂದೆ ಕೂತು ಆಕೆ ಕಂಡುಹಿಡಿದದ್ದು: ಹಳೆಯ ಪ್ರಿಂಟರುಗಳಿಗೆ ಆ ಕ್ಷಣದ ಬಿಡುವು ಕೊಡದಿದ್ದರೆ ಒಬ್ಬರ ಹೆಸರು ಇನ್ನೊಬ್ಬರ ಲೇಬಲ್ಲಿಗೆ ಬೀಳುತ್ತದೆ. ಇದು ಗೊತ್ತಿದ್ದದ್ದು ಆಕೆಗೊಬ್ಬಳಿಗೇ.

ಬೇಡ ಎಂದು ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಮನಸ್ಸು ಬೇರೆಯೇ ಲೆಕ್ಕ ಹಾಕಿತು. ಹೋಗಲಿ ಹೊರಗೆ. ಲ್ಯಾಬಿನವರು ಕೂಗಾಡಲಿ, ಇವಳ ಮುಖ ಸಣ್ಣದಾಗಲಿ, ಎಲ್ಲರೂ ಮತ್ತೆ ನನ್ನ ಹತ್ತಿರ ಓಡಿ ಬರಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಕೆ "ಸರಿ" ಒತ್ತಿದಳು. ಮಧ್ಯಾಹ್ನ ಎಲ್ಲ ಲ್ಯಾಬುಗಳಿಗೂ ಹೋಗಲಿದೆ ಎಂದು ಪರದೆ ತೋರಿಸಿತು.

ಊಟದ ಹೊತ್ತಿಗೆ ಓರಗಿತ್ತಿ ಡಬ್ಬಿ ಹಿಡಿದುಕೊಂಡು ಬಂದಳು. ಹೆಲ್ಮೆಟ್ಟನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು.

"ಅಕ್ಕ, ಇಷ್ಟು ಬೇಗ ಸರಿ ಅಂದ್ಬಿಟ್ರಾ? ನಾನು ಬೈಗುಳಕ್ಕೆ ಕಾಯ್ತಾ ಇದ್ದೆ."

"ಬೈಯೋಕೆ ಏನೂ ಸಿಗ್ಲಿಲ್ಲ."

"ಆ ಸಾಲು ಯಾಕಿದೆ ಗೊತ್ತಾಗ್ತಿಲ್ಲ, ಹಳಬರನ್ನ ಕೇಳಿ ಅಂತ ಸಹಾಯಕಾನೇ ಹೇಳಿತ್ತು. ಹಳಬರು ಅಂದ್ರೆ ನೀವೇ ತಾನೆ? ಅಕ್ಕ ನೋಡ್ತಾರೆ ಅಂತ ಕಳಿಸ್ದೆ. ಅದು ಬರೆಯೋದ್ರಲ್ಲಿ ಅರ್ಧ ನಂಗೆ ಅರ್ಥಾನೇ ಆಗಲ್ಲ. ನೀವು ಸರಿ ಅಂದ್ರೇನೇ ನಂಗೆ ಧೈರ್ಯ." ಒಂದು ತುತ್ತು ತಿಂದು ಮುಂದುವರಿಸಿದಳು: "ಪಾಪ, ಜ್ವರದ ಮಕ್ಕಳನ್ನ ಎತ್ಕೊಂಡು ಲೇಬಲ್ಲಿಗೋಸ್ಕರ ಸಾಲಲ್ಲಿ ನಿಂತಿರ್ತಾರಂತೆ. ಇವತ್ತಿಂದ ಬೇಗ ಆಗುತ್ತೆ ಅಂತ ಹೇಳ್ಬಿಟ್ಟಿದ್ದೀನಿ."

ಬೆಳಗ್ಗೆಯಿಂದ ಹೆಡ್‌ಮಿಸ್ಸಿಗೆ ಕಂಡದ್ದು ಓರಗಿತ್ತಿಯ ಸಣ್ಣದಾದ ಮುಖವೊಂದೇ. ಈಗ ಸಾಲಿನಲ್ಲಿ ನಿಂತವರ ಕಂಕುಳಲ್ಲಿನ ಮಕ್ಕಳು ಕಂಡರು, ಒಂದು ಮಗುವಿನ ರಕ್ತಕ್ಕೆ ಇನ್ನೊಂದು ಮಗುವಿನ ಹೆಸರು ಕಂಡಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತೆರೆದ ಡಬ್ಬಿ ಹಾಗೇ ಬಿಟ್ಟು ಪರದೆಗೆ ತಿರುಗಿ, ಹೊರಡಲಿದ್ದ ಕೋಡನ್ನು ತಡೆದಳು.

ಮ್ಯಾನೇಜರು ಎದ್ದು ಬಂದ. "ಏನಾಯ್ತು? ಬೆಳಗ್ಗೆ ಸರಿ ಅಂದಿದ್ರಿ."

"ಸರಿ ಇರ್ಲಿಲ್ಲ. ಸರಿ ಅಂದಿದ್ದು ನನ್ನ ತಪ್ಪು."

ಕಾರಣ ಹೇಳಲೇಬೇಕಾಯಿತು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಆ ಸಾಲಿನ ಪಕ್ಕದಲ್ಲಿ, ಯಾರು ಓದಿದರೂ ತಿಳಿಯುವಂತೆ, ಟಿಪ್ಪಣಿಯಾಗಿ ಬರೆದಳು. ಆಕೆ ಬೇಕೆಂದೇ ಸರಿ ಒತ್ತಿದ್ದಳೆಂಬ ಅನುಮಾನವೇ ಓರಗಿತ್ತಿಗೆ ಬರಲಿಲ್ಲ. "ಅಕ್ಕನ ಕಣ್ಣು ತಪ್ಪಿಸೋಕಾಗುತ್ತಾ?" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಅದರ ಬದಲು ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟಿಪ್ಪಣಿಯನ್ನು ಸಹಾಯಕವೂ ಓದಿತು. ಹಳೆಯ ಪ್ರಿಂಟರಿಗೆ ಮಾತ್ರ ಬಿಡುವು, ಹೊಸದಕ್ಕೆ ಬೇಡ ಎಂದು ಓರಗಿತ್ತಿ ಹೇಳಿದಂತೆ ಸಂಜೆಯೊಳಗೆ ಬರೆದುಕೊಟ್ಟಿತು. ಲ್ಯಾಬಿನವರು ಫೋನ್ ಮಾಡಿ ಹೊಗಳಿದ್ದು ಓರಗಿತ್ತಿಯನ್ನು.

ಮುಂದಿನ ವಾರ ಕೋಡನ್ನು ಪರೀಕ್ಷಿಸುವ ವಿಭಾಗದವನೊಬ್ಬ ಹೆಡ್‌ಮಿಸ್ಸಿನ ಕಡೆಗೇ ನಡೆದುಬಂದ. ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು, ಕನ್ನಡಕ ಒರೆಸಿಕೊಂಡಳು, ಒಂದು ಒಳ್ಳೆಯ ಬೈಗುಳವನ್ನೂ ಸಿದ್ಧಮಾಡಿಕೊಂಡಳು.

"ಮೇಡಂ, ಈ ಸ್ಟೂಲು ತಗೊಂಡು ಹೋಗ್ಲಾ? ಅಲ್ಲಿ ಅವರ ಹತ್ರ ಕೂರೋಕೆ ಜಾಗ ಸಾಲ್ತಿಲ್ಲ."

ಓರಗಿತ್ತಿಯ ಮೇಜಿನ ಸುತ್ತ ಜನ ನಿಂತಿದ್ದರು.

"ಏನು ಸಂದೇಹ? ನನ್ನ ಕೇಳಬಹುದಿತ್ತಲ್ಲ?"

"ಆ ಪ್ರಿಂಟರ್ ಬಿಡುವಿನ ವಿಷಯ. ಸಹಾಯಕಾನೇ ಹೇಳ್ತು, ತುಂಬ ಚೆನ್ನಾಗಿ ಹೇಳ್ತು."

ಅದು ಹೇಳಿದ್ದು ತನ್ನದೇ ಮಾತು, ತನ್ನ ಹೆಸರಿಲ್ಲದೆ. "ತಗೊಂಡು ಹೋಗಿ" ಎಂದಳು.

ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ಗೋಡೆಗೆ ಒತ್ತಿಟ್ಟರೆ ಮಾತ್ರ ನಿಲ್ಲುತ್ತಿತ್ತು. ಅದೂ ಆಕೆಗೊಬ್ಬಳಿಗೇ ಗೊತ್ತಿತ್ತು. ಅವನು ಅರ್ಧ ದಾರಿ ಹೋಗುವ ತನಕ ಸುಮ್ಮನಿದ್ದಳು. ಆಮೇಲೆ ಕರೆದು ಹೇಳಿದಳು.