ಒಗ್ಗರಣೆ ಇಲ್ಲದ ಬೇಳೆ

ನಮ್ಮ ತಾಯಿ ಸಾಕಿದ ದೇವಣಿ ತಳಿಯ ಆಕಳ ಸಂತಾನ ಈಗ ಉಳಿದಿರುವುದು ನನ್ನ ತಂಗಿಯ ಕೊಟ್ಟಿಗೆಯಲ್ಲಿ ಮಾತ್ರ. ಅವಳನ್ನು ಕೊಟ್ಟದ್ದು ರಾಜ್ಯದ ಗಡಿಯಾಚೆ, ಉದಗೀರ ಕಡೆಯ ಹಳ್ಳಿಗೆ. ಆಕಳನ್ನು ಅವಳು ಮಾರುವವಳಲ್ಲ. ಅಲ್ಲಿಯ ಡಾಕ್ಟರರು ಆ ಆಕಳ ಹೊಟ್ಟೆಯಿಂದ ಭ್ರೂಣ ತೆಗೆದು, ಚಳಿ ಕೊರೆಯುವ ಡಬ್ಬಿಯಲ್ಲಿ ಕಾದಿಟ್ಟಿದ್ದರು. ಒಂದನ್ನು ನಮ್ಮ ಆಕಳಿಗೆ ಹಾಕಬಹುದೆಂದು ಮಗ ಹೇಳಿದ. ಹೊಟ್ಟೆ ನಮ್ಮದು, ಕರು ತಾಯಿಯ ಆಕಳದ್ದು. ನನಗೆ ಅದು ಬೇಕಿತ್ತು.

ಹುಮನಾಬಾದಿನ ದನದ ಡಾಕ್ಟರು ಒಪ್ಪಿದರು. ಆದರೆ ಗಡಿಯಾಚೆ ಚರ್ಮಗಂಟು ರೋಗ ಎದ್ದಿತ್ತು. ಅಲ್ಲಿಂದ ತರಲು ಪರವಾನಗಿ ಬೇಕೆಂದರು.

“ದನಕ್ಕ ಪರವಾನಗಿ ಅಂದ್ರ ತಿಳೀತದ್ರಿ ಸಾಹೇಬ್ರ. ಇದಕ್ಕಿನ್ನಾ ಕಾಲೇ ಮೂಡಿಲ್ಲ.”

“ರೋಗಕ್ಕ ಕಾಲ್ ಬೇಕಾಗಂಗಿಲ್ರಿ ಆಯಿ.”

ಭ್ರೂಣ ಕೊಟ್ಟ ಆಕಳ ರಕ್ತಪರೀಕ್ಷೆ ಆಗಿರಬೇಕು. ಭ್ರೂಣ ತೆಗೆದಾಗ ಆ ಕೊಟ್ಟಿಗೆಯಲ್ಲೂ ಸುತ್ತಲ ಊರುಗಳಲ್ಲೂ ರೋಗ ಇರಲಿಲ್ಲವೆಂದು ಮಾಲೀಕ ಬರೆದುಕೊಡಬೇಕು, ಅಲ್ಲಿಯ ಡಾಕ್ಟರು ರುಜು ಹಾಕಬೇಕು. ರಕ್ತ ಚೆನ್ನಾಗಿತ್ತು. ತಂಗಿಯ ಗಂಡ ಬರೆದುಕೊಟ್ಟ. ಪರವಾನಗಿ ಇಂದು ನಾಳೆ ಎನ್ನುವಾಗ ನಮ್ಮ ಆಕಳಿಗೆ ಬೆದೆಯ ಚುಚ್ಚುಮದ್ದು ಕೊಡಿಸಿದೆವು. ಅದಕ್ಕೂ ವಯಸ್ಸಾಗಿತ್ತು. ಇದೇ ಕೊನೆಯ ಬಸಿರು ಎಂದಿದ್ದರು ಡಾಕ್ಟರು.

ಖುಷಿಯಲ್ಲಿ ತಂಗಿಗೆ ಫೋನ್ ಮಾಡಿದೆ.

“ಭ್ರೂಣ ತೆಗ್ಯಾಕ ಬಂದ ಡಾಕ್ಟರಿಗಿ ಹೋಳಗಿ ಮಾಡಿದ್ದೇನ?”

“ಎಲ್ಲಿ ಹೋಳಗಿ ಅಕ್ಕಾ? ಬರೇ ಕುದಿಸಿದ ಬ್ಯಾಳಿ ಹಾಕ್ದೆ. ಒಗ್ಗರಣಿನೂ ಇಲ್ಲ. ನಾಚಿಕಿ ಬಂತು.”

ಮಂದಿಗಾಗಲಿ ದನಕ್ಕಾಗಲಿ ಮೈಮೇಲೆ ಗುಳ್ಳೆ, ಗಂಟು ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಅವಳು ಹೋಗುವ ತನಕ ಆ ಮನೆಯಲ್ಲಿ ಒಗ್ಗರಣೆ ಚುರ್ ಎನ್ನಬಾರದು.

“ಯಾರಿಗಿ ಬಂದಿದ್ಳು?”

“ಎತ್ತಿಗಿ. ಅದನ್ನ ಹೊಲದಾಗ ಕಟ್ಟಿದ್ವಿ. ಆಕಳಿಗಲ್ಲ. ಬಂದ್ಳು, ಹೋದ್ಳು.”

“ನಿನ್ ಗಂಡ ರೋಗ ಇಲ್ಲಂತ ಬರದಾನಲ್ಲ?”

“ಅಮ್ಮಗ ರೋಗ ಅಂತಾರೇನ ಅಕ್ಕಾ? ನಾಲಿಗಿ ಬೀಳ್ತದ.”

ಅವನು ಬೇಕೆಂದು ಸುಳ್ಳು ಬರೆದವನಲ್ಲ. ಅಷ್ಟು ಬುದ್ಧಿ ಅವನಿಗಿಲ್ಲ.

“ಸುಮ್ಮಿರವ್ವಾ,” ಎಂದ ಮಗ. “ಭ್ರೂಣ ತೊಳದು ಇಟ್ಟಾರಂತ. ಏನೂ ಆಗಂಗಿಲ್ಲ.”

ಆಗದೆಯೂ ಇರಬಹುದು. ಆದರೆ ನಮ್ಮ ಓಣಿಯಲ್ಲಿ ದನ ಕಟ್ಟದ ಮನೆಯಿಲ್ಲ. ನಾನೇ ಹುಮನಾಬಾದಿನ ಡಾಕ್ಟರಿಗೆ ಫೋನ್ ಹಚ್ಚಿಸಿ ಎತ್ತಿನ ಸುದ್ದಿ, ಬೇಳೆಯ ಸುದ್ದಿ ಎರಡೂ ಹೇಳಿದೆ.

“ಒಗ್ಗರಣಿ ಇಲ್ಲಂತ ಪರವಾನಗಿ ನಿಲ್ಲೂದು ಇದೇ ಮೊದಲ್ರಿ ಆಯಿ,” ಎಂದರು. ನಿಲ್ಲಿಸಿದರು.

ಮಗ ಮುನಿಸಿಕೊಂಡ, ಊಟ ಮಾತ್ರ ಬಿಡಲಿಲ್ಲ. ತಂಗಿ ದೀಪಾವಳಿಗೂ ಫೋನ್ ಮಾಡಲಿಲ್ಲ. ನಮ್ಮ ಆಕಳಿಗೆ ಇಲ್ಲಿಯ ದವಾಖಾನೆಯಲ್ಲೇ ಬಸಿರಾಗುವ ಸೂಜಿ ಹಾಕಿಸಿದೆವು. ಹೆಣ್ಣುಗರು ಹಾಕಿತು. ತಾಯಿಯ ಆಕಳ ಹೋಲಿಕೆ ಹುಡುಕಿದೆ, ಕಿವಿಯಲ್ಲೂ ಇಲ್ಲ, ಕೋಡಿನ ಮೊಳಕೆಯಲ್ಲೂ ಇಲ್ಲ. ಮಗ ಅದರ ಫೋಟೋ ತಂಗಿಗೆ ಕಳಿಸಿದ. ಆಮೇಲೆ ಅವಳು ಫೋನ್ ಮಾಡಿದಳು.

“ಕರುವಿನ ಮಾರಿ ನಿನ್ನಂಗೇ ಅದ ಅಕ್ಕಾ. ಹಾಲ್ ಕೊಡ್ತದ, ಬೈಕೋತ ಕೊಡ್ತದ.”